ಪ್ಲೇಟಿನ ಐದನೇ ಹಾಡು

ಮಚ್ಚಿನ ತುದಿಗೆ ತೆಂಗಿನ ನಾರೊಂದು ಅಂಟಿಕೊಂಡು ಗಾಳಿಗೆ ಅಲ್ಲಾಡ್ತಾ ಐತೆ, ಈಗಷ್ಟೇ ಆಂಪ್ಲಿಫೈಯರ್ ಮುಂದೆ ಕಾಯಿ ಒಡೆದ ಮಚ್ಚು, ಕಾಯಿ ಒಡೆಯದೆ ಬೋರಣ್ಣ ಯಾವ ಮದುವೆಗೂ ಮೈಕ್ ಸೆಟ್ ಕಳಿಸಿದೋನಲ್ಲ, ಒಡೆದ ಮೇಲೆ ಮಚ್ಚು ಗೂಟಕ್ಕೆ ಹೋಗಬೇಕು, ಇವತ್ತು ಹೋಗಿಲ್ಲ, ತೊಡೆ ಮೇಲಿಟ್ಕೊಂಡು ದುರ್ಗದ ರಸ್ತೆ ನೋಡ್ತಾ ಅಂಗಡಿ ಕಟ್ಟೆ ಮೇಲೆ ಕುಂತವ್ನೆ, ಬರಲಿ, ಇಲ್ಲೇ ತುಂಡು ಮಾಡ್ತೀನಿ ಅಂತಾವ್ನೆ, ಸ್ವಂತ ಅಕ್ಕನ್ನ, ಮಲ್ಲಕ್ಕನ್ನ, ನಾಟಕದ ಕಂಪನಿ ಹಿಂದೆ ಹೋಗಿ ಮದ್ರಾಸಿನಲ್ಲಿ ಮಿಸ್ ಮಧುಲೀನಾ ಆದೋಳನ್ನ, ಹತ್ತು ಪಾಪ್ ಹಾಡಿನ ದೊಡ್ಡ ಗ್ರಾಮಫೋನ್ ಪ್ಲೇಟು ಹೊರತಂದೋಳನ್ನ — ಪಾಪ್ ಅಲ್ಲ ಕಣಣ್ಣ ಪಾಪ, ಅಂತ ನಾನೇ ನಗಿಸಕ್ಕೆ ಹೋಗಿದ್ದೆ, ಬಿ.ಎ. ಮಾಡಿ ಊರೂರು ಬೋರಣ್ಣನ ಮೈಕಲ್ಲಿ ಬ್ಯಾ ಅಂತ ಕುರಿ ಕೂಗೋ ಓಬಳೇಶ, ಯಾರ ದನಿ ಬೇಕು ಹೇಳ್ರಿ, ತಹಸೀಲ್ದಾರ್ರ ಕೆಮ್ಮು, ದುರ್ಗದ ಬಸ್ಸಿನ ಹಾರ್ನು, ಬೋರಣ್ಣನ ಬೀಡಿ ಗಂಟಲು, ಅದಂತೂ ಅವನ ಹೆಂಡತಿ ಏಕಾಂತಮ್ಮನೂ ಮೋಸ ಹೋಗಿ ಒಳಗಿಂದ ಬಂದೆ ತಡೀರಿ ಅಂದಿದ್ಲು — ಅವತ್ತು ಬೋರಣ್ಣ ನಗಲಿಲ್ಲ, ಪ್ಲೇಟನ್ನ ಕಲ್ಲಿನ ಮೇಲಿಟ್ಟು ಮಚ್ಚು ಬೀಸಿದ, ಹಾಳಾದ್ದು ಒಡೀಲಿಲ್ಲ, ಬಗ್ಗಿತು, ಇನ್ನೊಂದೇಟಿಗೆ ಹಲ್ಲು ಹಲ್ಲಾಗಿ ಸೀಳಿತು. ಎಲ್ಲಾ ಐದನೇ ಹಾಡಿನಿಂದ, ಅದರಲ್ಲಿ ತನ್ನ ಹೆಸರೈತೆ, ಮರ್ಯಾದೆ ಹೋತು ಅಂತ, ಬೀಸೋ ಕಲ್ಲಿನ ಹಾಡು ಅದು, ಅವರವ್ವ ಗಿರಿಯಮ್ಮ ರಾಗಿ ಬೀಸ್ತಾ ಕಲಿಸಿದ್ದು, ನಮ್ಮ ಕಡೆ ಕಲ್ಲಿನ ಮುಂದೆ ಕುಂತ ಹೆಣ್ಣುಮಗಳು ಒಡಹುಟ್ಟಿದವನ ಹೆಸರು ಹಾಕದೆ ಹಾಡು ಮುಗಿಸಲ್ಲ, ಮಲ್ಲಕ್ಕನೂ ಮರೀಲಿಲ್ಲ, ಗಿಟಾರು ಡ್ರಮ್ಮಿನ ನಡುವೆ, ತಾಳ್ಯದ ದಾರೀಲಿ ತಮ್ಮ ಬೋರಣ್ಣ ಬಂದಾನೋ, ಢಂ ಢಂ, ಬಂದಾನೋ — ಹೋಟ್ಲಿನಲ್ಲಿ ಮುರುಗಪ್ಪ ಸೊಂಟ ಕುಣಿಸಿ ಹಾಡಿ ತೋರಿಸಿದ, ಏನಪ್ಪ ತಮ್ಮ ಬಂದ್ಯಾ, ಅಷ್ಟೇ, ಬೋರಣ್ಣ ಕಾದ ಕಾಫಿ ಮುಖಕ್ಕೆ ಎರಚಿ, ಜೇಬಲ್ಲಿಟ್ಕೊಂಡಿದ್ದ ಸೀಳಿದ ಪ್ಲೇಟಿನ ಚೂರಿಂದಲೇ ಅವನ ಕಿವಿ ಕೊಯ್ದ, ಅರ್ಧ ಕಿವಿ ಇಡ್ಲಿ ತಟ್ಟೆಗೆ ಬಿತ್ತು, ಚಟ್ನಿ ಕೆಂಪಾಯ್ತು, ನಾನು ನೋಡ್ತಾ ನಿಂತಿದ್ದೆ. ಅಕ್ಕ ಎದುರಿಗೆ ಬಂದು ಪ್ರೀತಿಗೆ ಕಣೋ ಹಾಕಿದ್ದು ಅಂದರೆ ಇವನು ತಣ್ಣಗಾಗ್ತಾನೆ ಅಂದ್ಕೊಂಡೆ, ಸುಳ್ಳು, ನಂಗೆ ಅವಳನ್ನ ನೋಡಬೇಕಿತ್ತು, ಆ ದನೀನ ಪ್ಲೇಟು ವೈರು ಇಲ್ದೆ ಎದುರಿಗೆ ಕೇಳಬೇಕಿತ್ತು, ಪೋಸ್ಟಾಫೀಸಿಂದ ಮದ್ರಾಸಿಗೆ ಟ್ರಂಕ್ ಕಾಲ್ ಮಾಡ್ದೆ, ಅಕ್ಕಾ ನಾನು ಬೋರ, ಅಂತ ಬೀಡಿ ಗಂಟಲಲ್ಲಿ, ಆ ಕಡೆ ಅವಳು ಬಿಕ್ಕಿದಳು, ಹೆಸರು ಹಾಕಿದ್ದು ಕೇಳಿದ್ಯೇನೋ ತಮ್ಮಾ, ಕೇಳ್ದೆ ಅಕ್ಕಾ, ಬಾ, ಸಿಟ್ಟೆಲ್ಲಾ ಹೋತು — ಇವತ್ತು ಬೆಳಿಗ್ಗೆ ಬೋರಣ್ಣನಿಗೆ ಅಕ್ಕನ ತಂತಿ ಬಂತು, ನಿನ್ನ ಮಾತು ಕೇಳಿ ಹೊರಟೆ, ಮಧ್ಯಾಹ್ನಕ್ಕೆ ಹೊಳಲ್ಕೆರೆ. ಯಾವ ಮಾತಲೇ ಓಬಳೇಶ, ಅಂದ ಬೋರಣ್ಣ, ನಾನು ವೈರು ಸುತ್ತುತ್ತಿದ್ದೆ, ಸುತ್ತುತ್ತಲೇ ಇದ್ದೆ.

ಧೂಳು, ಕಾರು, ಕರೀ ಕನ್ನಡಕ ತೆಗೀತಾ ಇಳಿದಳು, ಸೀರೆ ಉಟ್ಟವಳೆ, ಸೆರಗು ತಲೆ ಮೇಲೆ, ಕೈಯಲ್ಲಿ ಹೂವಿನ ಪೊಟ್ಟಣ, ತಮ್ಮಾ ಅಂತಾ ನಗ್ತಾ ಬರ್ತಾವ್ಳೆ, ಬೋರಣ್ಣ ಎದ್ದ, ಮಚ್ಚು ಎದ್ದಿತು, ನಾರು ಅಲ್ಲಾಡಿತು, ಓಡ್ರಿ ಅಕ್ಕಾ ಅನ್ನಬೇಕು, ನನ್ನ ದನಿ ಅವಳು ಕೇಳೇ ಇಲ್ಲ, ಯಾರೋ ಅಂದ್ಕೊಂಡು ಬಂದೇ ಬರ್ತಾಳೆ, ಹತ್ತು ಹೆಜ್ಜೆ, ಎಂಟು, ಮೈಕ್ ಬಾಯಿಗೆ ಹಿಡಿದೆ, ಬೀಡಿ ಗಂಟಲು ತಾನಾಗೇ ಬಂತು, ಲೇ ಮಲ್ಲಕ್ಕ, ಇನ್ನೊಂದು ಹೆಜ್ಜೆ ಇಟ್ರೆ ಕತ್ತು ಕಡೀತೀನಿ, ನೀನು ನಮ್ಮವ್ವನ ಹೊಟ್ಟೇಲಿ ಹುಟ್ಟಿದೋಳೇ ಅಲ್ಲ, ಹೋಗು — ಟೆಸ್ಟಿಗೆ ಕಂಬಕ್ಕೆ ಕಟ್ಟಿದ್ದ ನಾಲ್ಕೂ ಮೈಕ್ ಹಾರ್ನು ಕೂಗಿದವು, ಬೀದಿಯೆಲ್ಲಾ ಬೋರಣ್ಣನ ದನಿ, ಅವಳ ಮುಖ ಆ ಪ್ಲೇಟಿನ ಹಂಗೇ ಒಡೀಲಿಲ್ಲ, ಬಗ್ಗಿತು, ಹೂವು ಬಿತ್ತು, ಕಾರಿನ ಬಾಗಿಲು ಬಡೀತು, ಧೂಳು. ಹೋದಳು, ಬದುಕಿದಳು, ಇನ್ನು ಯಾವತ್ತೂ ಬರಲ್ಲ, ಆ ಮಾತು ತಮ್ಮನದೇ ಅಂತಾನೇ ಬದುಕ್ತಾಳೆ. ರಸ್ತೆ ಮಧ್ಯ ನಿಂತ ಬೋರಣ್ಣ ತುಟಿ ಮುಟ್ಟಿ ನೋಡ್ಕಂಡ, ತಾನು ಬಾಯೇ ಬಿಟ್ಟಿಲ್ಲ, ತಲೆ ಎತ್ತಿ ಹಾರ್ನು ನೋಡಿದ, ವೈರಿನ ಜಾಡು ಹಿಡಿದೇ ಕಣ್ಣು ಇಳಿಸ್ತಾ ಇಳಿಸ್ತಾ ಬಂದ, ಕಂಬ, ಬಾಗಿಲು, ಆಂಪ್ಲಿಫೈಯರು, ನಾನು, ಟ್ರಂಕ್ ಕಾಲೂ ನೀನೇ ಏನಲೇ, ಮೆಲ್ಲಗೆ ಕೇಳ್ತಾನೆ, ನಾನಲ್ಲಣ್ಣ ಅನ್ನಬೇಕು, ಬಾಯಿ ತೆಗೆದರೆ ಅದೇ ಬೀಡಿ ಗಂಟಲು, ನನ್ನದು ಎಲ್ಲಿ, ನನ್ನ ದನಿ ಹೆಂಗಿತ್ತು, ಅವನು ಕಟ್ಟೆ ಹತ್ತಿದ, ಮಚ್ಚಿನ ತುದಿ ಹತ್ರ ಬಂತು, ತುದೀಲಿ ತೆಂಗಿನ ನಾರು, ಇನ್ನೂ ಬಿದ್ದಿಲ್ಲ, ಅಲ್ಲಾಡ್ತಾ ಐತೆ, ನನ್ನ ಉಸಿರಿಗೆ ಅಲ್ಲಾಡ್ತಾ ಐತೆ, ನಾರು