ಎರವಲು ಮೀನು

ಪಂಜರದಲ್ಲಿದ್ದ ಆರು ಮೀನೂ ಸತ್ತಿದ್ದವು. ಬೈರಯ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದು ಸಲ ಎಣಿಸಿದ, ಇನ್ನೊಂದು ಸಲ ಎಣಿಸಿದ. ಎಣಿಸಿದರೆ ಸತ್ತದ್ದು ಬದುಕುತ್ತದೆಯೇ? ಬೆರಳುದ್ದದ ಕಲ್ಲುಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತಂತಿಬಲೆಯ ಮೂಲೆಗೆ ಒತ್ತಿಕೊಂಡಿದ್ದವು. ಹೇಮಾವತಿ ಎಂದಿನಂತೆ ಹರಿಯುತ್ತಿದ್ದಳು. ಬೊಗಸೆಯಲ್ಲಿ ಎತ್ತಿ ಕುಡಿಯಬೇಕು ಅನ್ನಿಸುವಂಥ ತಿಳಿನೀರು. ಐವತ್ತು ವರ್ಷ ಆ ನೀರಿನಲ್ಲೇ ಬಲೆ ಬೀಸಿದವನಿಗೆ ಅವತ್ತು ಮೊದಲ ಸಲ ದಡಕ್ಕೆ ಓಡಿಬಿಡಬೇಕು ಅನ್ನಿಸಿತು.

ಪಂಜರ ಇಟ್ಟವಳು ನೀಲಾಂಬಿಕೆ. ಚನ್ನರಾಯಪಟ್ಟಣದ ಕಡೆಯ ಹುಡುಗಿ, ಮೀನಿನ ಹೆಸರೆತ್ತಿದರೆ ಒಲೆ ತೊಳೆದು ವಿಭೂತಿ ಇಡುವ ಮನೆಯವಳು. ಅಂಥವಳಿಗೆ ಹಾಸನದ ಸಂಸ್ಥೆಯೊಂದರಲ್ಲಿ ಸಿಕ್ಕಿದ ಕೆಲಸ ಹೊಳೆಯ ಮೀನು ಎಣಿಸುವುದು! ಮೂರು ತಿಂಗಳಿಗೊಮ್ಮೆ ಬಂದು, ಬೈರಯ್ಯನ ಕೈಲಿ ಬಲೆ ಬೀಸಿಸಿ, ಯಾವ ಜಾತಿಯದು ಎಷ್ಟು ಸಿಕ್ಕಿತು, ಎಷ್ಟುದ್ದ, ಮೈಮೇಲೆ ಹುಣ್ಣಿದೆಯೋ ಎಂದು ಬರೆದುಕೊಂಡು ಮತ್ತೆ ನೀರಿಗೆ ಬಿಡುತ್ತಿದ್ದಳು. ಅದರ ಮೇಲೆ ಹೊಳೆಗೆ ದರ್ಜೆ ಕೊಡುತ್ತಿದ್ದಳು. "ಬಾಟಲಿಗೆ ತುಂಬಿಸಿದ ನೀರು ಅವತ್ತಿನ ಮಾತು ಹೇಳುತ್ತೆ ತಾತ. ಮೀನು ವರ್ಷದ ಮಾತು ಹೇಳುತ್ತೆ" ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಮೊದಲ ಸಲ ಬಂದಾಗ ಬಲೆಗೆ ಬಿದ್ದದ್ದು ಬರೀ ಜಿಲೇಬಿ ಮೀನು, ನಾಲ್ಕು ಚೇಳುಮೀನು. ಚರಂಡಿಯಲ್ಲಿ ಬಿಟ್ಟರೂ ಬದುಕುವ ಜಾತಿ ಅವು. ನೀಲಾಂಬಿಕೆ ಮುಖ ಸಣ್ಣದು ಮಾಡಿಕೊಂಡು ಹಾಳೆಯಲ್ಲಿ 'ಕಳಪೆ' ಎಂದು ಬರೆದಳು. ಬೈರಯ್ಯನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು.

"ನಮ್ಮವ್ವ ಕಣವ್ವ ಇದು. ಎತ್ತವ್ವಂಗೆ ಯಾರಾರಾ ಕಳಪೆ ಅಂತ ಬರೀತಾರಾ?"

ಅವಳು ನಕ್ಕು, ಕಲ್ಲಿಗೆ ಬಾಯಿ ಕಚ್ಚಿಕೊಂಡು ಬದುಕುವ ಸಣ್ಣ ಮೀನಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಳು. ಕೊಳೆ ಸೋಕಿದರೆ ಮೊದಲು ಸಾಯುವುದು ಅದೇ, ಅದು ನಾಲ್ಕು ಸಿಕ್ಕಿದ್ದರೂ 'ಉತ್ತಮ' ಅಂತ ಬರೆಯಬಹುದಿತ್ತು ಅಂದಳು. ಬೈರಯ್ಯ ಚಿತ್ರ ನೋಡಿದ. ಕಲ್ಲುಮೀನು! ಅವನ ಹೊಳೆಯಲ್ಲಿ ಅದು ಕಾಣದೆ ಹತ್ತು ವರ್ಷವಾಗಿತ್ತು. ಆದರೆ ಹೆಂಡತಿ ಮಲ್ಲಿಗಮ್ಮನ ತವರಿನಲ್ಲಿ, ಅರಕಲಗೂಡಿನಾಚೆ ಗುಡ್ಡದ ಹಳ್ಳದಲ್ಲಿ, ಕಲ್ಲು ಮಗುಚಿದರೆ ಸಾಕು, ಸಿಗುತ್ತಿತ್ತು.

ಮುಂದಿನ ಸಲ ಅವಳು ಬರುವ ಹಿಂದಿನ ದಿನ ಅವನು ಬಸ್ಸು ಹತ್ತಿ ಹೋಗಿ, ಪೇಂಟ್ ಡಬ್ಬದಲ್ಲಿ ಐದು ಕಲ್ಲುಮೀನು ತಂದ. ಬಲೆ ಎಳೆಯುವಾಗ ಅವಳಿಗೆ ಬೆನ್ನು ಮಾಡಿ ಮೆಲ್ಲಗೆ ಒಳಗೆ ಬಿಟ್ಟ. ಹೆಣ್ಣು ನೋಡಲು ಬಂದಾಗ ಪಕ್ಕದ ಮನೆಯ ಓಲೆ ತಂದು ಮಗಳ ಕಿವಿಗೆ ಇಡುವುದಿಲ್ಲವೇ, ಅಷ್ಟೇ! ಹಾಳೆಯ ಮೇಲೆ 'ಉತ್ತಮ' ಬಿತ್ತು. ಹುಡುಗಿಯೂ ಕುಣಿದಾಡಿದಳು. ಯಾರಿಗೇನು ನಷ್ಟ ಅಂದುಕೊಂಡ. ಹೀಗೆ ಎಂಟು ಸಲ ಆಯಿತು.

ನಷ್ಟ ಬಂದದ್ದು ನಲ್ಲಿಯ ರೂಪದಲ್ಲಿ. ಅವನೂರು ಮಡುವಿನಕೊಪ್ಪಲಿನ ಬೋರ್‌ವೆಲ್ ನೀರು ಸವುಳಾಗಿ, ಹೊಳೆಯಿಂದಲೇ ಊರಿಗೆ ಕುಡಿಯುವ ನೀರು ಕೊಡುವುದೆಂದಾಯಿತು. ಪಂಪ್‌ಹೌಸಿಗೆ ಮೂರು ಜಾಗ ನೋಡಿ, ಮೀನಿನ ಹಾಳೆ ತಿರುವಿ, ಎರಡು ವರ್ಷದಿಂದ 'ಉತ್ತಮ' ಇರುವ ಜಾಗವನ್ನೇ ಆರಿಸಿದರು. ಮಳೆಗಾಲದಲ್ಲಿ ತುಂಬಿಸಿದ ಬಾಟಲಿ ಪಾಸಾಗಿತ್ತು. ಆದರೆ ಶುಂಠಿ ಕೀಳುವುದು ಈಗ. ಮೇಲುಗಡೆ ಹಳ್ಳ ಬಂದು ಹೊಳೆ ಸೇರುವಲ್ಲಿ ಲೋಡುಗಟ್ಟಲೆ ಶುಂಠಿ ತೊಳೆಯುತ್ತಾರೆ, ಔಷಧಿ ಹೊಡೆದ ಡ್ರಮ್ಮುಗಳನ್ನೂ ಅಲ್ಲೇ ಜಾಲಿಸುತ್ತಾರೆ. ಮರಳಿನಲ್ಲಿ ಸೋಸಿದರೆ ಮಣ್ಣು ನಿಲ್ಲುತ್ತದೆ, ಔಷಧಿ ನಿಲ್ಲುತ್ತದೆಯೇ? ಇದೆಲ್ಲ ಬೈರಯ್ಯನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಡಬ್ಬದ ಕತೆಯೂ ಹೊರಗೆ ಬರುತ್ತಿತ್ತಲ್ಲ.

ಸೋಮವಾರ ನೀಲಾಂಬಿಕೆ, "ಕೊನೇದೊಂದು ಪರೀಕ್ಷೆ ತಾತ. ನಿಮ್ಮ ಹೊಳೆ ಮೀನನ್ನೇ ಪಂಪಿನ ಬಾಯಿ ಹತ್ರ ಇಡ್ತೀನಿ. ಶುಕ್ರವಾರದ ತನಕ ಬದುಕಿದ್ರೆ ನೀರು ಬಿಡಬಹುದು" ಎಂದು ಅವತ್ತು ಬಲೆಯಲ್ಲಿ ಸಿಕ್ಕಿದ ಅವನ ಎರವಲು ಮೀನು ಆರನ್ನೇ ಪಂಜರಕ್ಕೆ ಹಾಕಿಹೋಗಿದ್ದಳು. ಇವತ್ತು ಶುಕ್ರವಾರ. ಹತ್ತು ಗಂಟೆಗೆ ಊರಿಗೆ ನೀರು. ವಾಲ್ವ್ ತಿರುಗಿಸುವವನು ಪಂಚಾಯ್ತಿಯ ವಾಟರ್‌ಮ್ಯಾನ್ ನಾಗೇಶ, ಅಂದರೆ ಬೈರಯ್ಯನ ಮಗ.

ಬೈರಯ್ಯನ ಕೈಯಲ್ಲಿ ಡಬ್ಬವಿತ್ತು. ಇರಲಿ ಎಂದು ಮುಂಚೆಯೇ ತಂದಿಟ್ಟುಕೊಂಡಿದ್ದ ಆರು ಮೀನು ಅದರಲ್ಲಿ ಮಿಸುಕಾಡುತ್ತಿದ್ದವು. ಸತ್ತದ್ದನ್ನು ನೋಡಿದರೆ ಹುಡುಗಿ ಯಾಕೆ ಸತ್ತವು ಅನ್ನುತ್ತಾಳೆ. ಒಂದೆಳೆ ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಅವಳ ಕೆಲಸ ಹೋಗುತ್ತದೆ, ಊರು ಮುಖಕ್ಕೆ ಉಗಿಯುತ್ತದೆ. ಮೊದಲು ಇದೊಂದು ದಾಟಲಿ, ಆಮೇಲೆ ವಾಲ್ವ್ ಕೆಟ್ಟಿದೆ ಅನ್ನು ಎಂದು ನಾಗನಿಗೆ ಹೇಳಿದರಾಯಿತು ಅಂದುಕೊಂಡ. ಹೆದರಿದವನ ಬುದ್ಧಿ ನೋಡಿ, ಹೇಗೆ ಹೊಂಚು ಹಾಕುತ್ತದೆ! ಸತ್ತ ಮೀನನ್ನು ಮರಳಿನಲ್ಲಿ ಹೂತು, ಬದುಕಿದ್ದನ್ನು ಪಂಜರಕ್ಕೆ ಬಿಟ್ಟು, ಹಿಂದೆ ನೋಡದೆ ಮನೆ ದಾರಿ ಹಿಡಿದ.

ಮನೆಯ ಜಗುಲಿಯ ಮೇಲೆ ಮಲ್ಲಿಗಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾಲ್ಕು ವರ್ಷದ ನಿಸರ್ಗಳ ತಲೆ ಅಜ್ಜಿಯ ತೋಳಿನಿಂದ ಜೋಲುತ್ತಿತ್ತು.

"ಎಲ್ಲೋಗಿದ್ರಿ? ಮಗ ಮೂರು ಸಲ ವಾಂತಿ ಮಾಡ್ಕಂಡವ್ಳೆ. ಜೊಲ್ಲು ನಿಲ್ತಾನೆ ಇಲ್ಲ. ಇವಳವ್ವ ಅನುಶ್ರೀ ಆಗ್ಲೆ ಗಾರ್ಮೆಂಟ್ಸ್ ಬಸ್ಸಿಗೆ ಒಂಟೋದ್ಲು."

"ಏನ್ ತಿಂದ್ಲು?"

"ಏನೂ ಇಲ್ಲ. ನಾಗ ನೆನ್ನೆ ಸಂಜೆ ನೀರು ಬುಟ್ಟು ನೋಡುದ್ನಂತೆ. ಮೊದಲ ನೀರು ನಮ್ಮನೆಗೇ ಅಂತ ಒಂದು ಬಿಂದ್ಗೆ ತಂದಿಕ್ದ. ನಾವು ಅಳೇ ನೀರೇ ಕುಡುದೊ. ಇವಳು ಅಪ್ಪನ ನೀರು, ಅಪ್ಪನ ನೀರು ಅಂತ ಅದನ್ನೇ ಕುಡ್ಕಂಡವ್ಳೆ."

ಬೈರಯ್ಯ ಒಳಗೆ ಹೋಗಿ ನೋಡಿದ. ಬಿಂದಿಗೆ ಅರ್ಧ ಖಾಲಿಯಾಗಿತ್ತು. ಅದನ್ನು ಎತ್ತಿ ಹಿತ್ತಲಿಗೆ ಸುರಿದ. ಸುರಿದ ಜಾಗದಲ್ಲಿ ಮೇಯುತ್ತಿದ್ದ ಕೋಳಿಗಳನ್ನು ಹುಚ್ಚನಂತೆ ಕಲ್ಲು ಬೀರಿ ಓಡಿಸಿದ.

ಮಗುವನ್ನು ಹೆಗಲಿಗೆ ಹಾಕಿಕೊಂಡು ಮಲ್ಲಿಗಮ್ಮನ ಜೊತೆ ರಸ್ತೆಗೆ ಬರುವಷ್ಟರಲ್ಲಿ ಹೊಳೆಯ ಕಡೆಯಿಂದ ನೀಲಾಂಬಿಕೆಯ ಜೀಪು ಬಂತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ತಾತ, ಆರೂ ಬದುಕಿವೆ. ಈಗಷ್ಟೇ ನೋಡಿ ಬಂದೆ" ಅಂದವಳು ಮಗುವಿನ ಮುಖ ನೋಡಿ ಮಾತು ನಿಲ್ಲಿಸಿದಳು. ಏನೂ ಕೇಳದೆ ಬಾಗಿಲು ತೆಗೆದು ಮೂವರನ್ನೂ ಹತ್ತಿಸಿಕೊಂಡಳು.

ಹೊಳೆನರಸೀಪುರಕ್ಕೆ ಹದಿನಾಲ್ಕು ಕಿಲೋಮೀಟರು. ದಾರಿಯುದ್ದಕ್ಕೂ ಬೈರಯ್ಯನ ನಾಲಗೆಯ ತುದಿಗೆ ಮಾತು ಬಂದು ಬಂದು ಹಿಂದಕ್ಕೆ ಹೋಯಿತು. ಬರೀ ವಾಂತಿ ತಾನೆ, ನೆನ್ನೆ ತಿಂದ ಬೋಂಡಾ ಇರಬೇಕು. ಇಲ್ಲ, ಬೋಂಡಾ ಅಲ್ಲ. ಇರಲೂಬಹುದು. ಮಗುವಿನ ಜೊಲ್ಲು ಅವನ ಅಂಗಿಯ ಭುಜವನ್ನೆಲ್ಲ ನೆನೆಸಿತ್ತು. ಅವಳ ಉಸಿರು ಗೊರಗೊರ ಅನ್ನುವುದು ಅವನ ಕಿವಿಯಲ್ಲೇ ಕೇಳುತ್ತಿತ್ತು. ಹೇಳಿಬಿಡಬೇಕು ಅಂದುಕೊಂಡು ಬಾಯಿ ತೆರೆದ. "ಸ್ವಲ್ಪ ಜೋರಾಗಿ ಓಡುಸವ್ವ" ಅಂದನೇ ಹೊರತು ಬೇರೆ ಮಾತು ಹೊರಡಲಿಲ್ಲ.

ಆಸ್ಪತ್ರೆಯ ಡಾಕ್ಟರು ಶಶಿಕಿರಣ್ ಸಣ್ಣ ವಯಸ್ಸಿನವರು, ಮೆತ್ತಗೆ ಮಾತಾಡುವವರು. ಟಾರ್ಚು ಹಾಕಿ ಮಗುವಿನ ಕಣ್ಣು ನೋಡಿದರು. ಹುಬ್ಬು ಗಂಟು ಹಾಕಿ ಇನ್ನೊಮ್ಮೆ ನೋಡಿದರು.

"ಮನೆಯಲ್ಲಿ ಹೊಲಕ್ಕೆ ಹೊಡೆಯೋ ಔಷಧಿ ಏನಾದರೂ ಇದೆಯಾ? ಮಗು ಕೈಗೆ ಸಿಕ್ಕಿರಬಹುದಾ?"

"ಇಲ್ಲ ಸಾ. ನಮಗೆ ಒಲಾನೇ ಇಲ್ಲ" ಅಂದಳು ಮಲ್ಲಿಗಮ್ಮ. "ಒಸಾ ನೀರು ಕುಡುದ್ಲು, ಅಷ್ಟೆಯ."

"ಯಾವ ನೀರು?"

"ಹೊಳೆ ನೀರು ಡಾಕ್ಟರೇ" ಎಂದು ನೀಲಾಂಬಿಕೆ ಮುಂದೆ ಬಂದಳು. "ಆದರೆ ನೀರಿಂದ ಏನೂ ಆಗಿರಲ್ಲ. ಎರಡು ವರ್ಷದಿಂದ ನಾನೇ ನೋಡ್ತಾ ಇದ್ದೀನಿ." ಅವಳು ಬ್ಯಾಗಿನಿಂದ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಔಷಧಿ ಸೇರಿದ್ರೆ ಮೊದಲು ಸಾಯೋ ಮೀನೇ ಅಲ್ಲಿ ಬದುಕಿದೆ. ಇವತ್ತು ಬೆಳಿಗ್ಗೆನೂ ಕಣ್ಣಾರೆ ನೋಡಿದ್ದೀನಿ."

ಡಾಕ್ಟರು ಒಂದೊಂದೇ ಹಾಳೆ ತಿರುವಿದರು. ಉತ್ತಮ. ಉತ್ತಮ. ಉತ್ತಮ. ಅವರ ಹುಬ್ಬಿನ ಗಂಟು ನಿಧಾನವಾಗಿ ಸಡಿಲಾಯಿತು.

"ಹಾಗಿದ್ರೆ ಊಟದ್ದೇ ಏನೋ ಇರಬೇಕು. ಡ್ರಿಪ್ ಹಾಕಿ ಸಂಜೆ ತನಕ ನೋಡೋಣ" ಎಂದು ನರ್ಸಿನ ಕಡೆ ತಿರುಗಿದರು.

ಬೈರಯ್ಯ ಗೋಡೆಗೆ ಒರಗಿ ನಿಂತಿದ್ದ. ಆ ಹಾಳೆಗಳನ್ನು ಬರೆದವಳು ಅವಳಾದರೂ ಬರೆಸಿದವನು ತಾನು. ತನ್ನ ಡಬ್ಬದ ಮೀನು ಇಲ್ಲಿಯವರೆಗೂ ಬಂದು ತನ್ನ ಮೊಮ್ಮಗಳಿಗೆ ಸಿಗಬೇಕಾದ ಔಷಧಿಗೆ ಅಡ್ಡ ನಿಂತಿದೆ. ಅಯ್ಯೋ ಪಾಪಿ, ಸಂಜೆ ತನಕ ಈ ಮಗು ಇರುತ್ತದೆಯೇ? ಅವನಿಗೆ ಹುಟ್ಟಿದಾಗಿನಿಂದ ಅಷ್ಟು ಹೆದರಿಕೆಯಾಗಿರಲಿಲ್ಲ. ಊರು ಉಗಿಯುತ್ತದೆ ಅನ್ನುವ ಹೆದರಿಕೆ ಇದರ ಮುಂದೆ ಹೆದರಿಕೆಯೇ ಅಲ್ಲ. ಅಲ್ಲೇ ನೆಲದ ಮೇಲೆ ಕುಳಿತ.

"ಆ ಮೀನು ನಮ್ಮೊಳೇವಲ್ಲ ಸಾ."

ಯಾರಿಗೂ ಅರ್ಥವಾಗಲಿಲ್ಲ. ಡಾಕ್ಟರು ತಿರುಗಿ ನೋಡಿದರು.

"ನಾನು ಅರಕಲಗೂಡು ಕಡೆ ಅಳ್ಳದಿಂದ ತಂದು ತಂದು ಬಲೆಗೆ ಬುಡ್ತಿದ್ದೆ. ನಮ್ಮೊಳೆ ಮೀನು ಒಂದೂ ಅಲ್ಲ. ಪಂಜರದ ಮೀನು ಬೆಳಿಗ್ಗೆನೇ ಸತ್ತೋಗಿದ್ವು ಸಾ. ಆರೂ ಸತ್ತೋಗಿದ್ವು. ನಾನೇ ಬೇರೆ ಆಕ್ದೆ. ಮೇಲ್ಗಡೆ ಸುಂಟಿ ತೊಳೀತಾವ್ರೆ, ಔಸ್ದಿ ಡ್ರಮ್ಮು ಜಾಲುಸ್ತಾವ್ರೆ. ನೀರಾಗೇ ಅದೆ ಸಾ. ಮಗ ಕುಡ್ದಿರದು ಅದ್ನೇ."

ಡಾಕ್ಟರು ಹಾಳೆಗಳನ್ನು ಪಕ್ಕಕ್ಕೆ ತಳ್ಳಿ ಒಳಗೆ ಓಡಿದರು. ನರ್ಸು ಬೇರೆ ಇಂಜೆಕ್ಷನ್ನು ಹಿಡಿದುಕೊಂಡು ಅವರ ಹಿಂದೆಯೇ ಓಡಿದಳು. ಮಲ್ಲಿಗಮ್ಮ ಗಂಡನನ್ನು ಒಂದು ಸಲ ನೋಡಿದಳು, ಆಮೇಲೆ ನೋಡಲಿಲ್ಲ.

ನೀಲಾಂಬಿಕೆ ಫೋನು ತೆಗೆದಳು. "ನಾಗೇಶಣ್ಣ, ವಾಲ್ವ್ ಮುಟ್ಟಬೇಡಿ. ಯಾರು ಹೇಳಿದ್ರೂ ಮುಟ್ಟಬೇಡಿ. ನಿಮ್ಮ ಮಗಳು ಆಸ್ಪತ್ರೆಯಲ್ಲಿದ್ದಾಳೆ, ಬನ್ನಿ" ಅಂದಳು. ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಎಂಟು ನಿಮಿಷವಿತ್ತು. ಆಮೇಲೆ ಬಂದು ಬೈರಯ್ಯನ ಎದುರು ನೆಲದ ಮೇಲೆ ಕೂತಳು.

"ಎಷ್ಟು ಸಲ ತಾತ?"

"ಎಂಟು ಸಲ."

"ಯಾಕೆ?"

"ಒಳೆ ಎಸ್ರು ಕೆಡಬಾರ್ದು ಅಂತ ಕಣವ್ವ."

ಅವಳ ಕಣ್ಣು ತುಂಬಿತು. "ಕಳಪೆ ಅಂತ ಬರೆದಿದ್ದು ಬಯ್ಯೋಕಲ್ಲ ತಾತ. ಹೊಳೆಗೆ ಹುಷಾರಿಲ್ಲ, ಯಾರಾದ್ರೂ ಬಂದು ನೋಡಿ ಅಂತ ಬರೆದಿದ್ದು. ನೋಡೋಕೆ ಬರೋರು ಇದ್ರು. ನೀವು ಬರದ ಹಾಗೆ ಮಾಡಿಬಿಟ್ರಿ."

ಬೈರಯ್ಯ ಅಂಗಿಯ ಭುಜದ ಮೇಲಿನ ಜೊಲ್ಲಿನ ಕಲೆಯನ್ನು ಉಜ್ಜುತ್ತಾ ಕೂತ.

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಸದ್ಯಕ್ಕೆ ಪರವಾಗಿಲ್ಲ, ಇನ್ನೂ ಎರಡು ದಿನ ಇಲ್ಲೇ ಇರಬೇಕು ಅಂದರು. ನಾಗೇಶ ಬಾಗಿಲಲ್ಲಿ ನಿಂತಿದ್ದ, ಅಪ್ಪನ ಕಡೆಗೆ ತಿರುಗಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಹೋಗಿ ನೋಡಿ ಬಂದರು. ಕೊನೆಗೆ ಬೈರಯ್ಯ ಹೋದ. ನಿಸರ್ಗ ಕಣ್ಣು ಬಿಟ್ಟಿದ್ದಳು. ತುಟಿ ಒಣಗಿ ಬಿರಿದಿತ್ತು.

"ತಾತ, ನೀರು."

"ಒಂದೆರಡು ಗುಟುಕು ಕುಡಿಸಿ" ಎಂದು ನರ್ಸು ಅಂಗಡಿಯಿಂದ ತರಿಸಿದ ನೀರಿನ ಬಾಟಲಿಯನ್ನು ಅವನ ಕೈಗೆ ಕೊಟ್ಟು ಹೋದಳು. ಬೈರಯ್ಯ ಮುಚ್ಚಳ ತಿರುಗಿಸಿದ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಮೂಸಿ ನೋಡಿದ. ಮೊದಲು ತಾನೇ ಒಂದು ಗುಟುಕು ಕುಡಿದು, ಮಂಚದ ಅಂಚು ಹಿಡಿದುಕೊಂಡು, ತನಗೇನಾದರೂ ಆಗುತ್ತದೆಯೋ ಎಂದು ಕಾದು ನಿಂತ. ಮಗು ಕೈ ಚಾಚಿ, "ತಾತ, ಕೊಡು" ಎಂದು ಇನ್ನೊಂದು ಸಲ ಕೇಳಿತು. ಅವನಿಗೆ ಕೊಡಲು ಕೈ ಬರಲಿಲ್ಲ.