ಕೊನೆಯ ಯಂತ್ರ

"ಈ ಕಾಲೇಜಿನವರ ವೆಬ್‌ಸೈಟಿಗಿಷ್ಟು ಬೆಂಕಿ ಬೀಳ!" ಮಹಡಿಯಿಂದ ಇಳಿದುಬಂದ ತಮ್ಮನ ಹೆಂಡತಿ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಕುಕ್ಕಿದಳು. "ಮೂರು ದಿನದಿಂದ ಇದೇ ರಾಗ, ಅಕ್ಕ. ಮನೆ ವೈಫೈಗೆ ಹಾಕಿ ಮೊಬೈಲಲ್ಲಿ ನೋಡಿದ್ರೂ ಹೀಗೇ. ಸೈಟು ಕೆಟ್ಟಿದೆ, ಸರಿಹೋಗುತ್ತೆ ಅಂತ ಕಾದದ್ದೇ ಬಂತು, ನಿನ್ನೆ ಐದಕ್ಕೆ ಅರ್ಜಿಯ ಗಡುವೂ ಮುಗೀತು. ಮಗಳು ಬೆಳಿಗ್ಗೆಯಿಂದ ಒಂದು ಲೋಟ ನೀರೂ ಮುಟ್ಟಿಲ್ಲ."

ನರ್ಸಿಂಗ್ ಕಾಲೇಜಿನ ಪುಟದ ನಟ್ಟನಡುವೆ ಕೆಂಪಕ್ಷರವಿತ್ತು: ನಿಮ್ಮ ಇಂಟರ್ನೆಟ್ ವಿಳಾಸದಿಂದ ಈ ಪುಟಕ್ಕೆ ಪ್ರವೇಶವಿಲ್ಲ. ಅತ್ತೆ ಕನ್ನಡಕ ಏರಿಸಿ ಓದಿದಳು. ತಮ್ಮನ ಮಗಳು ಕರೆಯುವುದನ್ನು ಕೇಳಿ ಕೇಳಿ ಬೀದಿಗೆಲ್ಲ ಅವಳು ಅತ್ತೆಯೇ ಆಗಿದ್ದಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದ ಗಟ್ಟಿಗಿತ್ತಿ. ಅವಳ ಕಣ್ಣು ತನ್ನ ಕೋಣೆಯತ್ತ ಹೊರಳಿತು.

ಅವಳ ಮಂಚದ ಪಕ್ಕದ ಕಪಾಟಿನಲ್ಲಿ ಹಳೆಯ ಕಂಪ್ಯೂಟರೊಂದು ಸದಾ ಗುಂಯ್‌ಗುಡುತ್ತಿರುತ್ತದೆ. ಯಾರು, ಎಲ್ಲಿಂದ ಎಂಬುದು ತಿಳಿಯದಂತೆ ಜನರ ಮಾತು, ಪತ್ರ, ಅರ್ಜಿಗಳನ್ನು ಅಂತರ್ಜಾಲದಲ್ಲಿ ಯಂತ್ರದಿಂದ ಯಂತ್ರಕ್ಕೆ ದಾಟಿಸಿ ಸೈಟುಗಳಿಗೆ ಮುಟ್ಟಿಸುವ ಜಾಲವೊಂದಿದೆ. ಎಲ್ಲೆಲ್ಲಿಯೋ ಇರುವ ಸ್ವಯಂಸೇವಕರು ಅದಕ್ಕೆ ಯಂತ್ರ ಒದಗಿಸುತ್ತಾರೆ. ಇದು ಅತ್ತೆಯ ಪಾಲು. ಎಕ್ಸ್‌ಚೇಂಜಿನಲ್ಲಿ ಮೇಲಧಿಕಾರಿಗಳು ಫೋನಿನ ಮಾತು ಕದ್ದು ಕೇಳಿ, ಯಾರದೋ ಸಂಸಾರದ ಗುಟ್ಟು ಊರ ಬಾಯಿಗೆ ಬಿದ್ದದ್ದನ್ನು ಕಣ್ಣಾರೆ ಕಂಡವಳು ಅವಳು. ಐದು ವರ್ಷ ಇದು ಒಂದು ಯಂತ್ರದಿಂದ ಪಡೆದು ಇನ್ನೊಂದಕ್ಕೆ ದಾಟಿಸುವ ನಡುವಿನ ಯಂತ್ರವಾಗಿತ್ತು, ಯಾರಿಗೂ ತೊಂದರೆಯಿರಲಿಲ್ಲ. ಸೈಟುಗಳಿಗೆ ನೇರ ಮುಟ್ಟಿಸುವ ಕೊನೆಯ ಯಂತ್ರಗಳು ಸಾಲುತ್ತಿಲ್ಲವೆಂದು ಜಾಲದ ಗೆಳೆಯರು ಗೋಗರೆದಾಗ, ಕಳೆದ ವಾರ ಯಂತ್ರದ ಸೆಟ್ಟಿಂಗಿನಲ್ಲಿ ಒಂದು ಸಾಲು ತಿದ್ದಿ ತನ್ನದನ್ನೂ ಕೊನೆಯದಾಗಿಸಿದಳು. ಸೈಟುಗಳಿಗೆ ಕಾಣುವುದು ಕೊನೆಯ ಯಂತ್ರದ ವಿಳಾಸ ಮಾತ್ರ, ಇಲ್ಲಿ ಅದೇ ಇಡೀ ಮನೆಯ ಇಂಟರ್ನೆಟ್ ವಿಳಾಸ. ಯಾವನೋ ತಲೆಹರಟೆ ಅದರ ಮೂಲಕ ಕಾಲೇಜಿಗೆ ಕಾಟ ಕೊಟ್ಟರೆ ಬಾಗಿಲು ಮುಚ್ಚುವುದು ಈ ಮನೆಗೆ. ಕೊನೆಯದನ್ನು ಮನೆಯ ಲೈನಿನಲ್ಲಿ ಇಡಬೇಡಿ ಎಂದು ಹೊಸಬರಿಗೆಲ್ಲ ಬುದ್ಧಿ ಹೇಳುತ್ತಿದ್ದವಳೂ ಅವಳೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

"ಸೈಟಿನ ತಪ್ಪಲ್ಲ. ನನ್ನ ಮಷೀನಿಂದ ಆಗಿದ್ದು," ಎಂದಳು ಅತ್ತೆ.

ವಿಷಯ ಕೇಳಿದ ತಮ್ಮ ಕೂಗಾಡಲಿಲ್ಲ. "ಊರವರಿಗೆಲ್ಲ ಬಾಗಿಲು ತೆಗೆದು ಮನೆ ಮಗಳಿಗೆ ಚಿಲಕ ಹಾಕಿದೆಯಲ್ಲಕ್ಕ," ಎಂದಷ್ಟೇ ಹೇಳಿ ಮೇಲೆ ಹೋದ. ಅತ್ತೆ ಯಂತ್ರವನ್ನು ಮೊದಲಿನಂತೆ ನಡುವಿಗೆ ತಿದ್ದಿ, ಹುಡುಗಿಯನ್ನು ಕರೆದುಕೊಂಡು ಕಾಲೇಜಿಗೆ ಹೊರಟಳು.

ಕಚೇರಿಯ ಗುಮಾಸ್ತರು ಒಳ್ಳೆಯವರೇ. "ನಮ್ಮ ಸೈಟು ಕೆಟ್ಟಿದ್ರೆ ಇವತ್ತೂ ಅರ್ಜಿ ತಗೋಬಹುದು, ನಿಯಮ ಇದೆ. ಹಾಗಂತ ನೀವೊಂದು ದೂರು ಬರ್ಕೊಡಿ, ಸಾಕು," ಎಂದು ಕಾಗದ ಚಾಚಿ, ಒಳಕೋಣೆಯಲ್ಲಿದ್ದ ಸೈಟಿನ ಉಸ್ತುವಾರಿಯವಳತ್ತ ತಿರುಗಿದರು. "ಬಾಮ್ಮ ಇಲ್ಲಿ. ಸೈಟಿನ ಮೇಲೆ ಇನ್ನೊಂದು ದೂರು ಬಂದ್ರೆ ಕೆಲಸ ಬಿಡು ಅಂದಿದ್ರಲ್ಲ ಪ್ರಿನ್ಸಿಪಾಲರು? ಬಂತು ನೋಡು."

ಒಳಗಿಂದ ಬಂದವಳಿಗೆ ಮೂವತ್ತು ತುಂಬಿರಲಿಕ್ಕಿಲ್ಲ. ಕಣ್ಣುಗಳು ಆಗಲೇ ಕೆಂಪಗಿದ್ದವು. "ಎಲ್ಲಾ ಸರಿಯಾಗೇ ಇದೆ ಸರ್, ಹತ್ತು ಸಲ ನೋಡಿದ್ದೀನಿ," ಎಂದಳು ಸಣ್ಣ ದನಿಯಲ್ಲಿ.

ಹುಡುಗಿ ಅತ್ತೆಯ ಮೊಣಕೈ ಹಿಡಿದಳು. "ಬರಿ ಅತ್ತೆ. ಪ್ಲೀಸ್."

ಅತ್ತೆ ಪೆನ್ನು ಹಿಡಿದು ಕುಳಿತಳು. ಎರಡು ಸಾಲು ಸುಳ್ಳು ಬರೆದರೆ ಹುಡುಗಿಗೆ ಸೀಟು. ಬರೆದರೆ ಎದುರಿಗೆ ನಿಂತವಳ ಅನ್ನಕ್ಕೆ ಕಲ್ಲು. ಕೊನೆಗೆ, ತಪ್ಪು ತನ್ನ ಯಂತ್ರದ್ದು, ಸೈಟಿನದಲ್ಲ ಎಂದು ಬರೆದು ಪೂರ್ತಿ ಹೆಸರಿನ ಸಹಿ ಹಾಕಿದಳು.

ಗುಮಾಸ್ತರು ಓದಿ ತಲೆಯಾಡಿಸಿದರು. "ಕೈಯಾರೆ ಕೆಡಿಸ್ಕೊಂಡ್ರಲ್ಲಮ್ಮ. ಇನ್ನು ಕಾಯೋರ ಪಟ್ಟಿಗೆ ಸೇರಿಸಬಹುದು, ಅಷ್ಟೆ. ಹದಿನಾಲ್ಕನೇದು."

ಬಸ್ಸಿನಲ್ಲಿ ಹುಡುಗಿ ಮೂರು ಸ್ಟಾಪಿನವರೆಗೂ ಅಂಕಪಟ್ಟಿಯ ಕವರನ್ನು ತೆಗೆದು ಮುಚ್ಚಿ ಮಾಡುತ್ತಿದ್ದಳು. ಬೈದಿದ್ದರೂ ಅತ್ತೆಗೆ ಹಗುರವಾಗುತ್ತಿತ್ತು.

"ಆ ಒಂದು ವಾರದಲ್ಲಿ," ಎಂದಳು ಹುಡುಗಿ ಕೊನೆಗೆ, "ನಿನ್ನ ಮಷೀನಿಂದ ಯಾರಾದ್ರೂ ಎಲ್ಲಾದ್ರೂ ಒಂದು ಅರ್ಜಿ ಹಾಕಿರ್ತಾರಾ ಅತ್ತೆ? ಅವರಿಗೆ ಸಿಕ್ಕಿರುತ್ತಾ?"

"ಗೊತ್ತಿಲ್ಲ ಕಣೇ. ನನಗೆ ಗೊತ್ತಾಗೋ ಹಾಗೇ ಇಲ್ಲ."

ಹುಡುಗಿ ಕಿಟಕಿಯತ್ತ ಮುಖ ತಿರುಗಿಸಿದಳು. ಅತ್ತೆ ಅವಳ ಕೈಯ ಮೇಲೆ ತನ್ನ ಕೈಯಿಟ್ಟಳು. ಹುಡುಗಿ ಅದನ್ನು ಹಿಡಿದುಕೊಳ್ಳಲಿಲ್ಲ, ಕೊಡವಲೂ ಇಲ್ಲ.