ಕೈ ಬಿಡಿ

ಇದನ್ನು ಇನ್ನೂ ‘ಹೆಣ್ಣು ನೋಡುವ ಶಾಸ್ತ್ರ’ ಅಂತ ಯಾಕೆ ಕರೆಯುತ್ತಾರೋ ನನಗೆ ಗೊತ್ತಿಲ್ಲ. ಈಗ ನೋಡುವವರು ಅವರು, ನೋಡಿಸಿಕೊಳ್ಳುವವರು ನಾವು. ನನ್ನ ಅಕ್ಕ ದೊಡ್ಡತಾಯಮ್ಮನ ಮಗ ಅರುಣ್‌ಕುಮಾರನಿಗೆ ದಂಡಿಗನಹಳ್ಳಿಯಲ್ಲಿ ತೆಂಗಿನ ತೋಟ ಇದೆ, ಬೋರಿನಲ್ಲಿ ನೀರಿದೆ, ಡಿಗ್ರಿ ಇದೆ, ತಲೆ ತುಂಬಾ ಕೂದಲೂ ಇದೆ. ಇಲ್ಲದ್ದು ಸಂಬಳ ಒಂದೇ. ಹೋದ ಕಡೆಯಲ್ಲೆಲ್ಲ ಉಪ್ಪಿಟ್ಟು ಕೊಟ್ಟು ಕಳಿಸಿದರು. ಆಮೇಲೆ ಬ್ರೋಕರ್ ಬಾಯಲ್ಲಿ ಒಂದೇ ಮಾತು ಬರುತ್ತಿತ್ತು: “ಈ ಸಂಬಂಧ ಕೈ ಬಿಡಿ.” ಕೇಳಿ ಕೇಳಿ ನನ್ನ ಸೋದರಳಿಯ ಫೋನು ಬಡಿದುಕೊಂಡರೆ ಎದ್ದು ಹೊರಗೆ ಹೋಗುವಂತಾಗಿದ್ದ.

ಹಾಗಾಗಿ ಕಟ್ಟಾಯದ ಶಿವರಾಜು ಅವರ ಮಗಳು ಮೇಘಶ್ರೀಯ ಸಂಬಂಧ ಬಂದಾಗ ನಾನು ಸ್ವಲ್ಪ ಉಪ್ಪು ಖಾರ ಹಚ್ಚಿದೆ. ಹುಡುಗಿ ಹಾಸನದ ಕಾಲೇಜೊಂದರಲ್ಲಿ ಲೆಕ್ಚರರು, ರಜೆ ಸಿಕ್ಕರೆ ಬೆಟ್ಟ ಬಂಡೆ ಹತ್ತುತ್ತಾಳೆ ಅಂತ ತಿಳಿಯಿತು. “ನಮ್ ಉಡ್ಗ ಏನ್ ಕಮ್ಮಿ? ತ್ವಾಟದ ಮರ ಎಲ್ಲಾನೂ ಅವನೇ ಅತ್ತದು” ಅಂದುಬಿಟ್ಟೆ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು ನಾನು. ಹೊಗಳದೆ ಯಾವ ಸರಕನ್ನೂ ಮಾರಿದವನಲ್ಲ. ನಿಜ ಹೇಳಬೇಕೆಂದರೆ, ಅರುಣ ಅಟ್ಟದ ಏಣಿ ಹತ್ತಬೇಕಾದರೂ ಕೆಳಗೆ ಯಾರಾದರೂ ಏಣಿ ಹಿಡಿದು ನಿಲ್ಲಬೇಕು.

ಹುಡುಗಿಯಿಂದ ಉತ್ತರ ಬಂತು. ಉಪ್ಪಿಟ್ಟು ಕೇಸರಿಬಾತು ಏನೂ ಬೇಡ, ಭಾನುವಾರ ಹಾಸನದ ಕ್ಲೈಂಬಿಂಗ್ ಹಾಲ್‌ಗೆ ಬನ್ನಿ, ಅಲ್ಲೇ ಮಾತಾಡೋಣ ಅಂತ.

ಹಾಲ್ ಅಂದರೆ ಹಿಂದೆ ಆಲೂಗಡ್ಡೆ ತುಂಬುತ್ತಿದ್ದ ಗೋಡೌನು. ಈಗ ಅದರೊಳಗೆ ಸೂರು ಮುಟ್ಟುವ ಹಲಗೆಯ ಗೋಡೆ, ಗೋಡೆಯ ತುಂಬಾ ಬಣ್ಣಬಣ್ಣದ ಪ್ಲಾಸ್ಟಿಕ್ ಗುಬುಟು. ಅವನ್ನೇ ಹಿಡಿದು, ಅವುಗಳ ಮೇಲೇ ಕಾಲಿಟ್ಟು ಹತ್ತಬೇಕು. ಊರಾಚೆ ಎಲ್ಲಿ ನೋಡಿದರೂ ದೇವರೇ ಕೊಟ್ಟ ಬಂಡೆಗಳು ಪುಕ್ಕಟೆ ಬಿದ್ದಿವೆ. ಜನ ಇಲ್ಲಿ ದುಡ್ಡು ಕೊಟ್ಟು ಹತ್ತುತ್ತಿದ್ದರು. ಅಕ್ಕ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಅಲ್ಲಿದ್ದವರೆಲ್ಲ ಚಡ್ಡಿಯಲ್ಲಿದ್ದರು.

“ತೆಂಗಿನಮರ ಹತ್ತೋರಿಗೆ ಇದೆಲ್ಲ ಆಟ. ಒಂದ್ಸಲ ಹತ್ತಿ ನೋಡ್ತೀರಾ?” ಅಂತ ಮೇಘಶ್ರೀ ಕೇಳಿದಳು. ಅರುಣ ನನ್ನನ್ನು ನೋಡಿದ. ನಾನು ಸೂರು ನೋಡಿದೆ.

ಅವನ ಇಸ್ತ್ರಿ ಪ್ಯಾಂಟಿನ ಮೇಲೆ ತೊಡೆಗೂ ಸೊಂಟಕ್ಕೂ ಪಟ್ಟಿ ಬಿಗಿದರು. ಹಗ್ಗದ ಒಂದು ತುದಿಯನ್ನು ಅವನಿಗೆ ಕಟ್ಟಿದರು. ಅದು ಸೂರಿನ ಕೊಂಡಿಯಲ್ಲಿ ಹಾದು ಇಳಿದು, ಮೇಘಶ್ರೀಯ ಸೊಂಟದ ಕೊಂಡಿಯೊಂದರಲ್ಲಿ ನುಸುಳಿ ಅವಳ ಕೈಗೆ ಬಂತು. ಅವನ ಭಾರಕ್ಕೆ ಅವಳೇ ಮೇಲೆದ್ದು ಹೋಗದಿರಲಿ ಅಂತ ಅವಳ ಸೊಂಟವನ್ನು ನೆಲದ ಕೊಂಡಿಗೆ ಕಟ್ಟಿಹಾಕಿದರು. ಮೇಲೆ ಮುಟ್ಟಿದ ಮೇಲೆ ಹಿಂದಕ್ಕೆ ವಾಲಿ ಕೂರಬೇಕು, ಗೋಡೆ ಬಿಟ್ಟುಬಿಡಬೇಕು, ತಾನು ಮೆಲ್ಲಗೆ ಇಳಿಸುತ್ತೇನೆ ಅಂತ ಅವಳು ಬಿಡಿಸಿ ಹೇಳಿದಳು. ಅರುಣ ತಲೆಯಾಡಿಸಿದ. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ.

“ಈ ಮಗೀನ್ ಕೈಲಿ ನನ್ ಮಗನ್ನ ತಡ್ಕಳಕ್ಕಾದದಾ?” ಅಂದಳು ಅಕ್ಕ.

“ತಡ್ಕತಾಳೆ ಬುಡಿ. ನಮ್ಮನ್ನೇ ತಡ್ಕಂಡವ್ಳೆ” ಅಂದರು ಮಗಳ ಜೊತೆ ಬಂದಿದ್ದ ಶಿವರಾಜು.

ಮರ ಹತ್ತುವವನನ್ನು ಎಷ್ಟು ಎತ್ತರದವರೆಗೆ ನೂಕಲು ಸಾಧ್ಯ? ನಾನು ನೂಕಿದ್ದು ನೆಲದ ತನಕ. ಅಲ್ಲಿಂದ ಮೇಲಕ್ಕೆ ಅವನೇ ಹೋದ. ಪ್ರತಿ ಗುಬುಟಿಗೂ ಒಬ್ಬೊಬ್ಬ ದೇವರ ಹೆಸರು ಹೇಳುತ್ತಾ ಹೋದ. ನನಗೇ ಹೆಮ್ಮೆ ಆಯಿತು. ತುದಿ ಮುಟ್ಟಿದವನು ಕೆಳಗೆ ನೋಡಿದ. ಅಷ್ಟೇ, ಕೊನೆಯ ಗುಬುಟನ್ನು ತಬ್ಬಿಕೊಂಡುಬಿಟ್ಟ.

“ಅರುಣ್, ಸಾಕು. ಕೈ ಬಿಡಿ” ಅಂತ ಮೇಘಶ್ರೀ ಕೂಗಿದಳು.

ಅವನು ಗುಬುಟನ್ನು ಇನ್ನೂ ಬಿಗಿಯಾಗಿ ತಬ್ಬಿದ. ಆಮೇಲೆ, “ಯಾಕ್ರೀ, ಅತ್ತಿದ್ನಲ್ಲ?”

“ಹತ್ತಿದ್ರಿ. ಈಗ ಕೈ ಬಿಡಿ.”

“ಇಷ್ಟ್ ಬ್ಯಾಗ ಅಂಗಂದ್ರೆ ಎಂಗ್ರೀ? ನಾವಿನ್ನೂ ಮಾತೇ ಆಡಿಲ್ವಲ್ಲ.”

ಅಕ್ಕ ಬೆಂಚಿನ ಮೇಲೆ ಕುಸಿದಳು. “ಆಯ್ತಲ್ಲಪ್ಪ ಪುಟ್ರಾಜ, ಇವ್ಳೂ ಕೈ ಬುಡಿ ಅಂದ್ಬುಟ್ಳು” ಅಂತ ನನಗೆ ಹೇಳಿ ಸೆರಗು ಬಾಯಿಗಿಟ್ಟಳು.

ಮೇಲೆ ನನ್ನ ಅಳಿಯ ಗೋಡೆಗೆ ಮುಖ ಒತ್ತಿಕೊಂಡೇ ಮಾತಾಡಿದ. “ನಮ್ಮಾವ ಏಳಿದ್ದು ಸುಳ್ಳು ಕಣ್ರೀ. ನಾನ್ ಯಾವ್ ಮರಾನೂ ಅತ್ತಿಲ್ಲ, ಕಾಯಿ ಕೆಡವಕ್ಕೆ ಆಳು ಬತ್ತಾನೆ. ನಂಗೆ ಎತ್ರ ಅಂದ್ರೆ ಭಯ. ಬ್ಯಾಡ ಅನ್ನಂಗಿದ್ರೆ ಅದುಕ್ಕೆ ಅನ್ನಿ. ಬೇಸಾಯ ಮಾಡ್ತಾನೆ ಅಂತ ಮಾತ್ರ ಅನ್ಬ್ಯಾಡಿ.”

ಹಾಲ್‌ನಲ್ಲಿದ್ದ ಚಡ್ಡಿಯವರೆಲ್ಲ ನನ್ನ ಕಡೆ ತಿರುಗಿದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮೇಘಶ್ರೀ ಮಾತ್ರ ಕತ್ತೆತ್ತಿ ಅವನನ್ನೇ ನೋಡುತ್ತಿದ್ದಳು.

“ನಾನು ಹೇಳಿದ್ದು ಗೋಡೆ ವಿಷಯ ಕಣ್ರೀ” ಅಂದಳು. “ಹಗ್ಗ ನನ್ನ ಹತ್ರ ಇದೆ. ನಾನು ಕೈ ಬಿಡಲ್ಲ, ನೀವು ಬಿಡಿ.”

‘ನಾನು ಕೈ ಬಿಡಲ್ಲ.’ ಅಕ್ಕನ ಕಿವಿಗೆ ಬಿದ್ದದ್ದು ಇಷ್ಟೇ. ನಮ್ಮ ಕಡೆ ನಾಲ್ಕು ಜನರ ಎದುರಿಗೆ ಹೆಣ್ಣು ಈ ಮಾತು ಆಡಿದ ಮೇಲೆ ಇನ್ನು ಹೂ ಮುಡಿಸುವ ಶಾಸ್ತ್ರವೊಂದೇ ಬಾಕಿ. ಅಕ್ಕ ಬ್ಯಾಗಿನಿಂದ ಬಾಳೆ ಎಲೆಯ ಪೊಟ್ಟಣ ತೆಗೆದಳು. ಹೆಣ್ಣು ನೋಡಲು ಹೋದ ಪ್ರತಿ ಮನೆಗೂ ಮಲ್ಲಿಗೆ ದಂಡೆ ಒಯ್ದು, ಬಾಡಿದ್ದನ್ನು ವಾಪಸು ತಂದವಳು ಅವಳು. ಈ ಸಲ ಬಿಡುವ ಹಾಗಿರಲಿಲ್ಲ. ನೆಟ್ಟಗೆ ಹೋಗಿ ಮೇಘಶ್ರೀಯ ಹಿಂದೆ ನಿಂತು ಜಡೆಗೆ ಕೈ ಹಾಕಿದಳು.

ಆ ಹುಡುಗಿ ಏನು ಮಾಡಬೇಕು ಹೇಳಿ. ಎರಡು ಕೈಯಲ್ಲೂ ಹಗ್ಗ, ಹಗ್ಗದ ತುದಿಯಲ್ಲಿ ನನ್ನ ಅಳಿಯ, ಸೊಂಟ ನೆಲಕ್ಕೆ ಬಿಗಿದಿದೆ. “ಅಮ್ಮಾ, ಒಂದ್ನಿಮಿಷ, ಅಮ್ಮಾ” ಅಂತ ಕತ್ತು ಆ ಕಡೆ ಈ ಕಡೆ ಹೊರಳಿಸಿದಳು.

“ಅಲ್ಲಾಡ್ಬ್ಯಾಡ ಕಣವ್ವ, ಓರೆ ಆಯ್ತದೆ” ಅಂದಳು ಅಕ್ಕ.

ತಡೆಯಬೇಕಾಗಿದ್ದ ಶಿವರಾಜು ಮೊಬೈಲಿನಲ್ಲಿ ರಾಹುಕಾಲ ನೋಡುತ್ತಿದ್ದರು. ಬಂದ ಗಂಡುಗಳನ್ನೆಲ್ಲ ಬೇಡ ಅಂದ ಮಗಳ ತಂದೆ ಅವರು.

ಅಷ್ಟರಲ್ಲಿ ಅರುಣ ಕಣ್ಣು ಮುಚ್ಚಿ ಕೈ ಬಿಟ್ಟ. ಮೇಘಶ್ರೀ ಅವನನ್ನು ಬಾವಿಗೆ ಕೊಡ ಇಳಿಸುವ ಹಾಗೆ ಮೆಲ್ಲಗೆ ಇಳಿಸಿದಳು. ನೆಲ ಮುಟ್ಟಿದವನು ಕಣ್ಣು ಬಿಟ್ಟರೆ ಎದುರಿಗೆ ಹೂ ಮುಡಿದ ಹುಡುಗಿ.

“ಏನವ್ವ ಇದು?” ಅಂದ.

“ಅವ್ಳೇ ಏಳುದ್ಲು, ಕೈ ಬಿಡಲ್ಲ ಅಂತ.”

“ಅದು ಅಗ್ಗ ಇಡ್ಕಂಡು ಆಡಿದ್ ಮಾತು ಕಣವ್ವ. ಕೈ ಬಿಡಂಗಿಲ್ದೆ ನಿಂತೋರ್ಗೆ ಊ ಮುಡಿಸದು ನ್ಯಾಯನಾ? ತಗಿ, ಮದ್ಲು ತಗಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಇಬ್ಬರೂ ಕೊಟ್ಟದ್ದನ್ನು ಭಕ್ತನೇ ಬೇಡ ಅನ್ನುತ್ತಿದ್ದ. ಅವನ ಕಪಾಳಕ್ಕೆ ಬಾರಿಸೋಣ ಅನ್ನಿಸಿತು ನನಗೆ. ಅಕ್ಕ ಕಣ್ಣು ಒರೆಸಿಕೊಂಡು, ಹೂ ತೆಗೆಯಲು ಕೈ ಚಾಚಿದಳು.

ಮೇಘಶ್ರೀ ಹಗ್ಗ ಬಿಚ್ಚಿ ಪಕ್ಕಕ್ಕಿಟ್ಟು, ಕೆಂಪಾದ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದಳು. ಅಕ್ಕನ ಕೈಗೆ ಸಿಗದ ಹಾಗೆ ತಲೆ ಸ್ವಲ್ಪ ಹಿಂದಕ್ಕೆ ತೆಗೆದುಕೊಂಡಳು.

“ಇರ್ಲಿ ಬುಡಿ” ಅಂದಳು, ಅಪ್ಪಟ ಕಟ್ಟಾಯದ ಮಾತಿನಲ್ಲಿ. “ಈಗ ನನ್ ಕೈ ಖಾಲಿನೇ ಅದೆ. ಬ್ಯಾಡ ಅನ್ಸಿದ್ರೆ ನಾನೇ ತಗೀತಿದ್ದೆ.”